ಮೊಣಕಾಲು ಕಾಯುವ ವಾರ್ಮಪ್: ಕೆಲವರಿಗೆ ಫಲ ಕೊಡುತ್ತದೆ, ಕೆಲವರಿಗೆ ಯಾಕೆ ಇಲ್ಲ?

ಶಾಲಾ ಪಂದ್ಯಾಟಗಳ ಸಮಯ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮೊಣಕಾಲಿನ ಸುದ್ದಿಗಳು ಓಡಾಡುತ್ತವೆ. ವಾರಕ್ಕೆರಡು ಸಲ ಹದಿನೈದು ನಿಮಿಷ ಸರಿಯಾದ ವ್ಯಾಯಾಮ ಮಾಡಿಸಿದರೆ ಮೊಣಕಾಲಿನ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ) ಹರಿಯುವುದು ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಒಂದು ಸುದ್ದಿ. ಅದೇ ತರಹದ ವ್ಯಾಯಾಮ ಮಾಡಿಸಿ ನೋಡಿದೆವು, ಏನೂ ವ್ಯತ್ಯಾಸ ಆಗಲಿಲ್ಲ ಎಂದು ಇನ್ನೊಂದು. ಮೂರನೆಯದು ಹುಡುಗಿಯರಿಗೆ ಅಪಾಯ ಜಾಸ್ತಿ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತದೆ. ಅದನ್ನು ಓದಿದ ಮನೆಯವರು ಮಗಳನ್ನು ಕಬಡ್ಡಿಯಿಂದ ಬಿಡಿಸುವ ಮಾತು ಶುರು ಮಾಡುತ್ತಾರೆ.

ಮೂರರ ಹಿಂದೆಯೂ ನಿಜವಾದ ಅಧ್ಯಯನಗಳಿವೆ, ಯಾರೂ ಸುಳ್ಳು ಹೇಳುತ್ತಿಲ್ಲ. ಗೊಂದಲ ಹುಟ್ಟುವುದು ‘ಕೆಲಸ ಮಾಡುತ್ತದಾ, ಇಲ್ವಾ’ ಎಂದು ಒಂದೇ ಮಾತಿನಲ್ಲಿ ಕೇಳುವುದರಿಂದ. ಯಾವ ವಯಸ್ಸಿನವರಿಗೆ, ಎಷ್ಟು ದಿನ, ಎಷ್ಟು ಸರಿಯಾಗಿ, ಯಾವ ಗಾಯಕ್ಕೆ ಎಂದು ಬಿಡಿಸಿ ಕೇಳಿದರೆ ಈ ವರದಿಗಳು ಒಂದಕ್ಕೊಂದು ಅಷ್ಟೇನೂ ಜಗಳವಾಡುವುದಿಲ್ಲ.

ಲಿಗಮೆಂಟ್ ಹರಿಯುವ ಕ್ಷಣ

ವಾಲಿಬಾಲ್ ಆಡುವ ಹದಿನಾಲ್ಕರ ಹುಡುಗಿ ಸ್ಮ್ಯಾಶ್ ಹೊಡೆದು ಕೆಳಗಿಳಿಯುತ್ತಾಳೆ. ಮೊದಲು ನೆಲ ಮುಟ್ಟುವುದು ಒಂದೇ ಕಾಲು. ಮೊಣಕಾಲು ಹೆಚ್ಚುಕಡಿಮೆ ನೆಟ್ಟಗಿದೆ, ಪಾದ ಸ್ವಲ್ಪ ಹೊರಕ್ಕೆ ತಿರುಗಿದೆ, ಚೆಂಡಿನ ಕಡೆ ವಾಲಿದ ಮೈಯ ಭಾರವೆಲ್ಲ ಆ ಕಾಲಿನ ಮೇಲೆ ಬೀಳುತ್ತದೆ. ಮೊಣಕಾಲು ಒಳಕ್ಕೆ ಬಾಗುತ್ತದೆ. ‘ಟಪ್’ ಎಂಬ ಸದ್ದು ಕೆಲವೊಮ್ಮೆ ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ಯಾರೂ ಅವಳನ್ನು ಮುಟ್ಟಿಲ್ಲ, ಯಾರೂ ತಳ್ಳಿಲ್ಲ.

ಹರಿದದ್ದು ಎಸಿಎಲ್. ತೊಡೆಮೂಳೆಯನ್ನು ಅದರ ಕೆಳಗಿನ ಮೂಳೆಗೆ ಮೊಣಕಾಲಿನೊಳಗೆ ಓರೆಯಾಗಿ ಕಟ್ಟಿ ಹಿಡಿಯುವ ಲಿಗಮೆಂಟ್ ಇದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ತಡೆಯುವುದು ಇದರ ಕೆಲಸ. ಆಟಗಳಲ್ಲಿ ಎಸಿಎಲ್ ಹರಿಯುವ ಪ್ರಕರಣಗಳಲ್ಲಿ ಹೆಚ್ಚಿನವು ಹೀಗೆ ಯಾರ ಡಿಕ್ಕಿಯೂ ಇಲ್ಲದೆ, ಹಾರಿ ಇಳಿಯುವಾಗ ಅಥವಾ ಓಡುತ್ತಾ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುವಾಗ ಆಗುತ್ತವೆ.

ಇಲ್ಲೊಂದು ಸಂಗತಿಯನ್ನು ಮರೆಯಬಾರದು. ಹ್ಯಾಂಡ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಪಂದ್ಯಗಳ ವಿಡಿಯೋಗಳನ್ನು ಫ್ರೇಮ್ ಫ್ರೇಮ್ ಆಗಿ ನೋಡಿದ ಸಂಶೋಧಕರ ಪ್ರಕಾರ ಲಿಗಮೆಂಟ್ ಹರಿಯುವುದು ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನ ಹೊತ್ತಿಗೆ, ಅಂದರೆ ಒಂದು ಸೆಕೆಂಡನ್ನು ಇಪ್ಪತ್ತೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಲ್ಲಿ. ಅಷ್ಟರಲ್ಲಿ ‘ಅಯ್ಯೋ, ಕಾಲು ತಪ್ಪಿತು’ ಎಂದು ಮೆದುಳಿಗೆ ತಿಳಿದು, ಅದು ಸ್ನಾಯುಗಳಿಗೆ ಹೇಳಿ, ಕಾಲು ಸರಿಪಡಿಸಿಕೊಳ್ಳುವುದಕ್ಕೆ ಸಮಯವೇ ಇರುವುದಿಲ್ಲ. ಕಾಲು ಹೇಗೆ ಇಳಿಯಬೇಕು ಅನ್ನುವುದು ಹಾರುವ ಮೊದಲೇ ಮೈಗೆ ಗೊತ್ತಿರಬೇಕು. ಈ ತರಬೇತಿ ಮಾಡುವುದು ಅಷ್ಟನ್ನೇ: ಮೊಣಕಾಲು ಮಡಚಿ, ಪಾದದ ನೇರಕ್ಕೆ ಇಟ್ಟು, ಸೊಂಟದಿಂದ ಭಾರ ತಡೆದು ಇಳಿಯುವುದನ್ನು ಮತ್ತೆ ಮತ್ತೆ ಮಾಡಿಸಿ ರೂಢಿ ಮಾಡಿಸುವುದು, ಜೊತೆಗೆ ತೊಡೆಯ ಹಿಂಭಾಗ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿ ಮಾಡುವುದು. ರೂಢಿ ಆಗುವಷ್ಟು ಮಾಡದಿದ್ದರೆ ಏನೂ ಮಾಡದ ಹಾಗೆಯೇ. ಅಧ್ಯಯನಗಳ ಫಲಿತಾಂಶ ಬೇರೆ ಬೇರೆ ಬರಲು ಇದೇ ದೊಡ್ಡ ಕಾರಣ.

ಒಂದೇ ದೇಶ, ಒಂದೇ ವಯಸ್ಸು, ಎರಡು ಉತ್ತರ

2008ರಲ್ಲಿ ನಾರ್ವೆಯಿಂದ ಎರಡು ಅಧ್ಯಯನಗಳು ಪ್ರಕಟವಾದವು. ಎರಡೂ ಫುಟ್ಬಾಲ್ ಆಡುವ ಹದಿಹರೆಯದ ಹುಡುಗಿಯರ ಮೇಲೆ ನಡೆದವು, ಎರಡರಲ್ಲೂ ಸುಮಾರು ಎರಡು ಸಾವಿರ ಆಟಗಾರ್ತಿಯರು. ಒಂದರಲ್ಲಿ ತರಬೇತಿ ಪಡೆದವರಿಗೂ ಪಡೆಯದವರಿಗೂ ಗಾಯದ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇನ್ನೊಂದರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದವು, ಗಂಭೀರ ಗಾಯಗಳು ಅರ್ಧದ ಹತ್ತಿರಕ್ಕೆ ಬಂದವು.

ಮೊದಲನೆಯದು ‘ದಿ 11’ ಎಂಬ ಹಳೆಯ ಕಾರ್ಯಕ್ರಮ. ಇಡೀ ಸೀಸನ್ ಅದೇ ವ್ಯಾಯಾಮ, ಅದೇ ಮಟ್ಟ. ಹುಡುಗಿಯರಿಗೂ ಬೇಸರ, ಕೋಚ್‌ಗಳಿಗೂ ಬೇಸರ. ಸೀಸನ್‌ನ ಮೊದಲ ಕೆಲವು ತಿಂಗಳಲ್ಲೇ ಸುಮಾರು ಅರ್ಧದಷ್ಟು ಅಭ್ಯಾಸಗಳಲ್ಲಿ ಮಾತ್ರ ಅದನ್ನು ಮಾಡಿಸಲಾಗಿತ್ತು. ಎರಡನೆಯದು ಅದನ್ನೇ ತಿದ್ದಿ ಮಾಡಿದ ‘11+’. ಸುಮಾರು ಇಪ್ಪತ್ತು ನಿಮಿಷದ ವಾರ್ಮಪ್, ಓಟ ಸೇರಿಸಿದ್ದಾರೆ, ಓಟ ಬಿಟ್ಟು ಉಳಿದ ಒಂದೊಂದು ವ್ಯಾಯಾಮಕ್ಕೂ ಮೂರು ಹಂತ, ಸುಲಭವಾದದ್ದು ಬಂದ ಮೇಲೆ ಕಷ್ಟದ್ದು. ಮುಕ್ಕಾಲಿಗೂ ಹೆಚ್ಚು ಅಭ್ಯಾಸಗಳಲ್ಲಿ ತಂಡಗಳು ಇದನ್ನು ಬಿಡದೆ ಮಾಡಿದವು. ಅದರೊಳಗೂ ಹೆಚ್ಚು ಮಾಡಿದವರಿಗೆ ಮಧ್ಯಮವಾಗಿ ಮಾಡಿದವರಿಗಿಂತ ಗಾಯದ ಅಪಾಯ ಶೇ. 35 ಕಡಿಮೆ ಇತ್ತು.

ಕಾಗದದ ಮೇಲೆ ಎರಡೂ ಅಧ್ಯಯನಗಳ ತಂಡಗಳು ‘ತರಬೇತಿ ಪಡೆದವು’. ಗ್ರೌಂಡ್‌ನಲ್ಲಿ ಪಡೆದದ್ದು ಬೇರೆ ಬೇರೆ. ‘ವ್ಯತ್ಯಾಸ ಆಗಲಿಲ್ಲ’ ಎಂಬ ಸುದ್ದಿ ಓದಿದಾಗ ಮೊದಲು ಹುಡುಕಬೇಕಾದ್ದು ಎಷ್ಟು ಸಲ ಮಾಡಿಸಿದರು, ಯಾರು ನಿಂತು ನೋಡಿ ತಿದ್ದಿದರು ಅನ್ನುವುದನ್ನು. ಸುದ್ದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ.

ನಾರ್ವೆಯದೇ ಇನ್ನೊಂದು ಕತೆ ಹೇಳಲೇಬೇಕು. ಅಲ್ಲಿನ ಮಹಿಳಾ ಹ್ಯಾಂಡ್‌ಬಾಲ್‌ನ ಮೇಲಿನ ಮೂರು ಡಿವಿಜನ್‌ಗಳಲ್ಲಿ 1998–99ರ ಸೀಸನ್‌ನಲ್ಲಿ 29 ಎಸಿಎಲ್ ಗಾಯ ಆಗಿದ್ದವು. ತರಬೇತಿ ತಂದ ಮೇಲೆ ಮುಂದಿನ ವರ್ಷ 23, ಅದರ ಮುಂದಿನ ವರ್ಷ 17. ಅಧ್ಯಯನ ಮುಗಿಯಿತು, ಫಿಸಿಯೋಗಳು ತಂಡಗಳಿಂದ ಹೊರಟರು, ಕೋಚ್‌ಗಳ ಗಮನ ಬೇರೆ ಕಡೆ ಹೋಯಿತು, ಗಾಯಗಳು ಮತ್ತೆ ಏರಿದವು. ಆಮೇಲೆ ಕೋಚ್‌ಗಳನ್ನು ಮತ್ತೆ ಒಟ್ಟುಗೂಡಿಸಿ ತಿಳಿಹೇಳಿದಾಗ ಪುನಃ ಇಳಿದವು. ವ್ಯಾಯಾಮ ಅದೇ ಇತ್ತು, ಮಾಡಿಸುವವರ ಆಸಕ್ತಿ ಏರಿಳಿಯಿತು.

ವಯಸ್ಸಿನ ಲೆಕ್ಕ

ಹುಡುಗಿಯರು ಅತಿ ವೇಗವಾಗಿ ಉದ್ದವಾಗುವುದು ಸುಮಾರು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಸುಮಾರು ಹದಿನಾಲ್ಕರಲ್ಲಿ. ಕಾಲು ಉದ್ದವಾಗುವುದರಲ್ಲಿ ಹೆಚ್ಚಿನ ಪಾಲು ಮೊಣಕಾಲಿನ ಮೇಲೆ ಮತ್ತು ಕೆಳಗೆ ಇರುವ ಬೆಳವಣಿಗೆಯ ಪದರಗಳಿಂದಲೇ ಬರುತ್ತದೆ. ಹೀಗಾಗಿ ಒಂದೇ ವರ್ಷದಲ್ಲಿ ಮಗುವಿನ ಕಾಲು ಉದ್ದವಾಗುತ್ತದೆ, ತೂಕ ಏರುತ್ತದೆ, ಮೈಯ ಭಾರದ ಕೇಂದ್ರ ಮೇಲಕ್ಕೆ ಹೋಗುತ್ತದೆ. ಅದೇ ಜಂಪ್, ಅದೇ ಓಟ, ಆದರೆ ಮೊಣಕಾಲಿನ ಮೇಲೆ ಬೀಳುವ ಒತ್ತಡ ಹೊಸದು. ಕಳೆದ ವರ್ಷ ಚುರುಕಾಗಿದ್ದ ಹುಡುಗಿ ಈ ವರ್ಷ ಯಾಕೋ ಎಡವುತ್ತಾಳೆ ಎಂದು ಪಿ.ಟಿ. ಮಾಸ್ಟ್ರು ಹೇಳುವುದುಂಟಲ್ವಾ, ಅದಕ್ಕೆ ಸೋಮಾರಿತನವೇ ಕಾರಣ ಅಂದುಕೊಳ್ಳಬೇಕಿಲ್ಲ. ಬೆಳೆದ ಮೈಯನ್ನು ನಡೆಸಲು ಅವಳು ಹೊಸದಾಗಿ ಕಲಿಯುತ್ತಿದ್ದಾಳೆ.

ಆ ಹೊತ್ತಿನಲ್ಲಿ ಸರಿಯಾದ ಚಲನೆ ಕಲಿಸಿದರೆ ಅದು ಕೂತುಬಿಡುತ್ತದೆ. ಇಪ್ಪತ್ತು ದಾಟಿದ ಮೇಲೆ ಹತ್ತು ವರ್ಷದ ತಪ್ಪು ರೂಢಿಯನ್ನು ಮೊದಲು ಕೀಳಬೇಕು. ಆಟಗಾರ್ತಿಯರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2013ರ ಒಂದು ವಿಶ್ಲೇಷಣೆಯಲ್ಲಿ 18ರೊಳಗಿನವರಿಗೆ ಎಸಿಎಲ್ ಅಪಾಯ ಶೇ. 72 ಇಳಿದಿತ್ತು, 18 ದಾಟಿದವರಿಗೆ ಶೇ. 16 ಮಾತ್ರ.

ಇದನ್ನು ಓದಿ ಕಾಲೇಜು ಹುಡುಗರಿಗೆ ಪ್ರಯೋಜನವಿಲ್ಲ ಎಂದು ತೀರ್ಮಾನ ಮಾಡಬೇಡಿ. ಅಮೆರಿಕದ ಕಾಲೇಜುಗಳ ಪುರುಷ ಫುಟ್ಬಾಲ್ ತಂಡಗಳಲ್ಲಿ 11+ ಮಾಡಿಸಿದ ಅಧ್ಯಯನ 2015ರಲ್ಲಿ ಬಂತು, ಅಲ್ಲೂ ಒಟ್ಟು ಗಾಯಗಳು ಅರ್ಧದ ಹತ್ತಿರಕ್ಕೆ ಇಳಿದಿದ್ದವು. ಬೇಗ ಶುರು ಮಾಡಿದರೆ ಲಾಭ ಜಾಸ್ತಿ ಅನ್ನುವುದಷ್ಟೇ ಇಲ್ಲಿನ ಅರ್ಥ.

ತೀರಾ ಚಿಕ್ಕವರದು ಇನ್ನೊಂದು ತರಹ. ಹತ್ತರೊಳಗಿನ ಮಕ್ಕಳಿಗೆ ಎಸಿಎಲ್ ಹರಿಯುವುದೇ ಅಪರೂಪ, ಹಾಗಾಗಿ ಅವರಲ್ಲಿ ಎಸಿಎಲ್ ಲೆಕ್ಕ ಹಾಕಿದರೆ ತರಬೇತಿ ಸೋತ ಹಾಗೆ ಕಾಣಬಹುದು. ಆದರೆ 7ರಿಂದ 13 ವರ್ಷದವರಿಗೆ ಬೀಳುವ ರೀತಿಯನ್ನೂ ಕಲಿಸುವ ‘11+ ಕಿಡ್ಸ್’ ಅನ್ನು ಸ್ವಿಟ್ಜರ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್, ಝೆಕ್ ದೇಶಗಳಲ್ಲಿ ಪರೀಕ್ಷಿಸಿದಾಗ ಒಟ್ಟು ಗಾಯಗಳು ಶೇ. 48 ಇಳಿದವು. ಎಣಿಸಿದ ಗಾಯ ಬೇರೆಯಾದರೆ ಉತ್ತರವೂ ಬೇರೆ.

ಹುಡುಗಿಯರ ಬಗ್ಗೆ ಎರಡು ವಾದ

ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಅಪಾಯ ಎರಡರಿಂದ ನಾಲ್ಕು ಪಟ್ಟು ಇರಬಹುದು ಅನ್ನುವುದರಲ್ಲಿ ತಜ್ಞರಿಗೆ ದೊಡ್ಡ ಭಿನ್ನಾಭಿಪ್ರಾಯ ಇಲ್ಲ. ಯಾಕೆ ಅನ್ನುವಲ್ಲಿ ಇದೆ.

ಒಂದು ಕಡೆಯವರು ದೇಹದಿಂದ ಶುರು ಮಾಡುತ್ತಾರೆ. ಪ್ರಾಯಕ್ಕೆ ಬರುವಾಗ ಹುಡುಗರಲ್ಲಿ ಉದ್ದದ ಜೊತೆಗೆ ಸ್ನಾಯುಬಲವೂ ಜೋರಾಗಿ ಏರುತ್ತದೆ, ಹುಡುಗಿಯರಲ್ಲಿ ಆ ಏರಿಕೆ ಕಡಿಮೆ. ಹಾರಿ ಇಳಿಯುವಾಗ ಹುಡುಗಿಯರು ತೊಡೆಯ ಮುಂಭಾಗದ ಸ್ನಾಯುವನ್ನು ಹೆಚ್ಚು ನೆಚ್ಚಿಕೊಳ್ಳುವುದು ಕಂಡುಬಂದಿದೆ. ಅದು ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ, ಆ ಎಳೆತವನ್ನು ತಡೆಯಬೇಕಾದ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಅಷ್ಟು ಬೇಗ ಕೆಲಸಕ್ಕೆ ಬರುವುದಿಲ್ಲ. ಹಾರ್ಮೋನ್ ಮತ್ತು ಮುಟ್ಟಿನ ದಿನಗಳ ಪಾತ್ರದ ಬಗ್ಗೆಯೂ ಹುಡುಕಾಟ ನಡೆದಿದೆ, ಇನ್ನೂ ಗಟ್ಟಿ ಉತ್ತರ ಬಂದಿಲ್ಲ. 2023ರ ಮಹಿಳಾ ಫುಟ್ಬಾಲ್ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಲಿಯಾ ವಿಲಿಯಮ್ಸನ್, ಬೆತ್ ಮೀಡ್, ನೆದರ್ಲೆಂಡ್ಸ್‌ನ ವಿವಿಯಾನ್ ಮಿಡೆಮಾ ಇದೇ ಗಾಯದಿಂದಾಗಿ ಆಡಲಾಗಲಿಲ್ಲ, ಅಲ್ಲಿಂದೀಚೆಗೆ ಈ ಚರ್ಚೆ ಇನ್ನಷ್ಟು ಜೋರಾಗಿದೆ.

ಇನ್ನೊಂದು ಕಡೆಯವರು ಕೇಳುವುದು: ಹುಡುಗಿಗೆ ಹುಡುಗನಷ್ಟೇ ಚಿಕ್ಕಂದಿನಿಂದ ಓಡಲು, ಹಾರಲು, ಬೀಳಲು ಬಿಟ್ಟಿದ್ದೀರಾ? ಅವಳಿಗೆ ಒಳ್ಳೆಯ ಗ್ರೌಂಡ್, ಸರಿಯಾದ ಶೂ, ಪೂರ್ಣಾವಧಿ ಕೋಚ್ ಸಿಕ್ಕಿದ್ದಾರಾ? ನಮ್ಮ ಕಡೆ ನೋಡಿದರೆ ಈ ವಾದದಲ್ಲಿ ತೂಕ ಇದೆ. ಊರಿನ ಗದ್ದೆಯಲ್ಲಿ ಸಂಜೆ ಕ್ರಿಕೆಟ್, ಫುಟ್ಬಾಲ್ ಆಡುವವರು ಹೆಚ್ಚಾಗಿ ಗಂಡುಮಕ್ಕಳು. ಹುಡುಗಿ ಕಬಡ್ಡಿಗೋ ಥ್ರೋಬಾಲ್‌ಗೋ ಇಳಿಯುವುದು ಎಷ್ಟೋ ಸಲ ಹೈಸ್ಕೂಲಿನಲ್ಲಿ, ಮೈ ಅತಿ ವೇಗವಾಗಿ ಬೆಳೆದ ಹೊತ್ತಿನಲ್ಲೇ, ಅದೂ ತಂಡಕ್ಕೆ ಜನ ಸಾಲದು ಎಂದು ಮಾಸ್ಟ್ರು ಕರೆದಾಗ. ಕಾರ್ಕಳದ ಮಮತಾ ಪೂಜಾರಿ ಭಾರತ ಕಬಡ್ಡಿ ತಂಡದ ನಾಯಕಿಯಾಗಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಜಿಲ್ಲೆ ಇದು. ಅಂಕಣಕ್ಕೆ ಇಳಿಯಲು ಆಸೆಪಡುವ ಹುಡುಗಿಯರಿಗೆ ಇಲ್ಲಿ ಕೊರತೆ ಇಲ್ಲ. ಅವರನ್ನು ತಯಾರು ಮಾಡುವ ವರ್ಷಗಳು ಸಿಗುತ್ತಿಲ್ಲ.

ಎರಡು ವಾದಗಳಲ್ಲಿ ಯಾವುದು ಗೆದ್ದರೂ ಮಾಡಬೇಕಾದ್ದು ಬದಲಾಗುವುದಿಲ್ಲ. ಸ್ನಾಯುಬಲ ಕಡಿಮೆ ಎಂದಾದರೆ ಬಲ ಕೊಡಬೇಕು, ಅವಕಾಶ ಕಡಿಮೆ ಎಂದಾದರೆ ಅವಕಾಶ ಕೊಡಬೇಕು. ಆಟ ಬಿಡಿಸಿ ಎಂದು ಎರಡೂ ಕಡೆಯವರು ಹೇಳುತ್ತಿಲ್ಲ. ಹಲವು ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿದ 2018ರ ಅಧ್ಯಯನದ ಪ್ರಕಾರ, ಡಿಕ್ಕಿ ಇಲ್ಲದೆ ಆಗುವ ಎಸಿಎಲ್ ಗಾಯಗಳು ತರಬೇತಿಯಿಂದ ಆಟಗಾರ್ತಿಯರಲ್ಲಿ ಸುಮಾರು ಮೂರನೇ ಎರಡರಷ್ಟು ಕಡಿಮೆಯಾಗುತ್ತವೆ. ಅಪಾಯ ಜಾಸ್ತಿ ಇರುವವರಿಗೇ ಲಾಭವೂ ಜಾಸ್ತಿ.

ಶೇಕಡಾ ಲೆಕ್ಕ ಮೋಸ ಮಾಡುವುದು ಹೇಗೆ

ಸ್ವೀಡನ್‌ನ ಅಧ್ಯಯನ ತುಂಬ ಹೆಸರುವಾಸಿ. 2012ರಲ್ಲಿ ಬಂದದ್ದು. 12ರಿಂದ 17 ವರ್ಷದ 4,564 ಫುಟ್ಬಾಲ್ ಹುಡುಗಿಯರು, ವಾರಕ್ಕೆರಡು ಸಲ ಹದಿನೈದು ನಿಮಿಷ, ಆರೇ ವ್ಯಾಯಾಮ: ಒಂಟಿ ಕಾಲಿನ ಸ್ಕ್ವಾಟ್ (ಮೊಣಕಾಲು ಮಡಚಿ ಕೆಳಗಿಳಿದು ಏಳುವುದು), ಎರಡು ಕಾಲಿನ ಸ್ಕ್ವಾಟ್, ಮಲಗಿ ಸೊಂಟ ಎತ್ತುವುದು, ಪ್ಲಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೆಟ್ಟಗೆ ಹಿಡಿಯುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಚುವುದು), ಹಾರಿ ಇಳಿಯುವುದು. ಜಿಮ್ ಬೇಡ, ಯಂತ್ರ ಬೇಡ. ಎಸಿಎಲ್ ಗಾಯದ ಪ್ರಮಾಣ ಶೇ. 64 ಇಳಿಯಿತು.

ಶೇ. 64 ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಎಣಿಸಿದರೆ, ತರಬೇತಿ ಪಡೆದ ಗುಂಪಿನಲ್ಲಿ 7 ಎಸಿಎಲ್ ಗಾಯ, ಪಡೆಯದ ಗುಂಪಿನಲ್ಲಿ 14 (ಗುಂಪುಗಳ ಗಾತ್ರ, ಆಡಿದ ಹೊತ್ತು ಬೇರೆ ಬೇರೆ ಇದ್ದುದನ್ನು ಲೆಕ್ಕಕ್ಕೆ ಹಿಡಿದಾಗ ಬಂದದ್ದು ಶೇ. 64). ನಾಲ್ಕೂವರೆ ಸಾವಿರ ಹುಡುಗಿಯರಲ್ಲಿ ಒಟ್ಟು 21. ಒಂದು ಸೀಸನ್‌ನಲ್ಲಿ ಇದು ಅಪರೂಪದ ಗಾಯವೇ. ಹಾಗಾಗಿ ಒಂದು ಶಾಲೆಯ ಹನ್ನೆರಡು ಮಂದಿಯ ತಂಡಕ್ಕೆ ಒಂದು ವರ್ಷ ಮಾಡಿಸಿ ‘ಏನೂ ಗೊತ್ತಾಗಲಿಲ್ಲ’ ಅಂದರೆ ಅದು ಸಹಜ, ಮಾಡಿಸದಿದ್ದರೂ ಬಹುಶಃ ಯಾರಿಗೂ ಆಗುತ್ತಿರಲಿಲ್ಲ. ಸಣ್ಣ ಅಧ್ಯಯನಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುವುದೂ ಇದರಿಂದಲೇ, ಏಳು ಇದ್ದದ್ದು ಒಂಬತ್ತಾದರೂ ಶೇಕಡಾ ಲೆಕ್ಕ ಸಾಕಷ್ಟು ಬದಲಾಗುತ್ತದೆ.

ಅಪರೂಪ ಎಂದು ಬಿಟ್ಟುಬಿಡಬಹುದಾ? ಬಿಡಬಾರದು ಅನ್ನಲು ಒಂದೇ ಅಂಕಿ ಸಾಕು. ಸ್ವೀಡನ್‌ನಲ್ಲೇ, ಎಸಿಎಲ್ ಹರಿದ ಫುಟ್ಬಾಲ್ ಆಟಗಾರ್ತಿಯರನ್ನು ಹನ್ನೆರಡು ವರ್ಷದ ನಂತರ ಪರೀಕ್ಷಿಸಿದಾಗ, ಸರಾಸರಿ 31ರ ವಯಸ್ಸಿಗೇ ಅರ್ಧದಷ್ಟು ಮಂದಿಯ ಎಕ್ಸ್‌ರೇಯಲ್ಲಿ ಸಂಧಿವಾತ ಕಾಣಿಸಿತ್ತು. ಆಪರೇಷನ್ ಮಾಡಿಸಿದರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ವಿನೇಶ್ ಫೋಗಟ್ 2023ರ ಆಗಸ್ಟ್‌ನಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮುಂದಿನ ವರ್ಷ ಪ್ಯಾರಿಸ್‌ನಲ್ಲಿ ಕುಸ್ತಿ ಮಾಡಿದ್ದನ್ನು ಎಲ್ಲರೂ ನೋಡಿದ್ದೇವೆ, ಆದರೆ ಆಪರೇಷನ್ ಆಗಿ ಆಟಕ್ಕೆ ಮರಳಿದ 25ರೊಳಗಿನವರಲ್ಲಿ ನಾಲ್ವರಿಗೊಬ್ಬರಂತೆ ಅದೇ ಕಾಲಿಗೋ ಇನ್ನೊಂದು ಕಾಲಿಗೋ ಮತ್ತೆ ಎಸಿಎಲ್ ಗಾಯ ಆಗಿದೆ.

ಕಬಡ್ಡಿಗೆ ಇದು ಪೂರ್ತಿ ಹೊಂದುತ್ತದಾ?

ದೊಡ್ಡ ಅಧ್ಯಯನಗಳಲ್ಲಿ ಹೆಚ್ಚಿನವು ಫುಟ್ಬಾಲ್, ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್‌ನವು. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿದು ಎಳೆದಾಗ, ಪಕ್ಕದಿಂದ ಬ್ಲಾಕ್ ಹಾಕಿದಾಗ, ನಾಲ್ಕು ಮಂದಿ ಮೇಲೆ ಬಿದ್ದಾಗ ಆಗುವ ಗಾಯಗಳೂ ಇವೆ. ಎಷ್ಟೇ ಚೆನ್ನಾಗಿ ಇಳಿಯಲು ಕಲಿತಿದ್ದರೂ ಪಕ್ಕದಿಂದ ಮೊಣಕಾಲಿಗೆ ಬಿದ್ದ ಅರುವತ್ತು ಕಿಲೋ ಭಾರವನ್ನು ಅದು ತಡೆಯುವುದಿಲ್ಲ. ಅದಕ್ಕೆ ಬೇಕಾದ್ದು ಹಿಡಿಯುವವರ ತಂತ್ರ ತಿದ್ದುವುದು, ಅಪಾಯದ ಹಿಡಿತಕ್ಕೆ ಅಂಪೈರ್ ಸೀಟಿ ಊದುವುದು. ಆದರೆ ಬೋನಸ್‌ಗೆ ಕಾಲಿಟ್ಟು ಥಟ್ಟನೆ ಹಿಂದಕ್ಕೆ ತಿರುಗುವ ರೈಡರ್‌ಗೆ, ಖೋ-ಖೋದಲ್ಲಿ ಕಂಬ ಹಿಡಿದು ತಿರುಗುವವರಿಗೆ, ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡಿ ಇಳಿಯುವವರಿಗೆ ಈ ತರಬೇತಿ ನೇರವಾಗಿ ಹೊಂದುತ್ತದೆ. ಮ್ಯಾಟ್ ಮೇಲೆ ಶೂ ಹಾಕಿ ಆಡುವಾಗ ಹಿಡಿತ ಜಾಸ್ತಿ, ಪಾದ ನೆಲಕ್ಕೆ ಕಚ್ಚಿಕೊಂಡರೆ ತಿರುಗುವುದು ಮೊಣಕಾಲು. ಮಣ್ಣಿನ ಅಂಕಣದಲ್ಲಿ ಆಡಿ ಬೆಳೆದವರು ಒಮ್ಮೆಲೇ ಮ್ಯಾಟಿಗೆ ಹೋದಾಗ ಇದನ್ನು ಮೊದಲೇ ಹೇಳಿಕೊಡಬೇಕು.

ಆರಿಸಿ ಕಲಿಸುವುದಾ, ಎಲ್ಲರಿಗೂ ಕಲಿಸುವುದಾ?

ಕೆಲವು ತಜ್ಞರ ಪ್ರಕಾರ ಮೊದಲು ಜಂಪ್ ಮಾಡಿಸಿ ವಿಡಿಯೋ ತೆಗೆದು, ಮೊಣಕಾಲು ಒಳಕ್ಕೆ ಬಾಗುವವರನ್ನು ಗುರುತಿಸಿ, ಅವರಿಗೆ ಮಾತ್ರ ಹೆಚ್ಚಿನ ತರಬೇತಿ ಕೊಡಬೇಕು. ಕೇಳಲು ಬುದ್ಧಿವಂತಿಕೆಯದೇ. ನಾರ್ವೆಯ ವೈದ್ಯ ರೋಆಲ್ಡ್ ಬಾರ್ 2016ರಲ್ಲಿ ಇದನ್ನು ಬಲವಾಗಿ ಪ್ರಶ್ನಿಸಿದರು. ಅಪಾಯ ಇರುವವರು, ಇಲ್ಲದವರು ಎಂದು ಗೆರೆ ಎಳೆದು ಬೇರ್ಪಡಿಸುವಷ್ಟು ಯಾವ ಪರೀಕ್ಷೆಯೂ ನಿಖರವಲ್ಲ, ಪರೀಕ್ಷೆಯಲ್ಲಿ ಪಾಸಾದವರಿಗೂ ಗಾಯ ಆಗುತ್ತದೆ ಅನ್ನುವುದು ಅವರ ವಾದ. ಯಾವ ಉಪಕರಣವೂ ಬೇಡದ, ಹದಿನೈದು ನಿಮಿಷದ ವ್ಯಾಯಾಮಕ್ಕೆ ಆರಿಸುವ ಖರ್ಚು ಯಾಕೆ? ನಮ್ಮ ಶಾಲೆಗಳ ಮಟ್ಟಿಗೆ ಎಲ್ಲರಿಗೂ ಕಲಿಸುವುದೇ ಸರಿ ಎಂದು ನನಗೂ ಅನ್ನಿಸುತ್ತದೆ. ಹೇಳಿಕೇಳಿ ವಾರ್ಮಪ್ ಹೇಗೂ ಮಾಡಲೇಬೇಕಲ್ಲ.

ನಮ್ಮ ಕಡೆ ಎಲ್ಲಿ ಎಡವುತ್ತಿದ್ದೇವೆ

ಕರಾವಳಿಯ ಶಾಲಾ ವರ್ಷವೇ ಸ್ವಲ್ಪ ಕಷ್ಟದ್ದು. ಬೇಸಿಗೆ ರಜೆ ಮುಗಿಸಿ ಮಕ್ಕಳು ಬರುತ್ತಾರೆ, ಜೊತೆಗೇ ಮಳೆ. ಗ್ರೌಂಡ್ ತುಂಬ ಕೆಸರು, ಅಭ್ಯಾಸ ಜಗಲಿಗೋ ಸಭಾಂಗಣದ ಗಟ್ಟಿ ನೆಲಕ್ಕೋ ಹೋಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಮಳೆ ಪೂರ್ತಿ ಬಿಡುವ ಮೊದಲೇ ವಲಯ, ತಾಲೂಕು, ಜಿಲ್ಲಾ ಮಟ್ಟದ ಪಂದ್ಯಾಟಗಳು ಒಂದರ ಹಿಂದೊಂದು. ತಂಡ ಆರಿಸಿ ಎರಡು ಮೂರು ವಾರ ಜೋರು ಅಭ್ಯಾಸ, ಆಮೇಲೆ ಪಂದ್ಯ. ಮಳೆಗಾಲ ಕಳೆದರೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾಟ. ಚೆನ್ನಾಗಿ ಆಡುವ ಒಬ್ಬಳೇ ಹುಡುಗಿ ಶಾಲೆಗೂ ಆಡುತ್ತಾಳೆ, ಊರಿನ ತಂಡಕ್ಕೂ ಆಡುತ್ತಾಳೆ, ಮರುದಿನ ಅಥ್ಲೆಟಿಕ್ಸ್‌ಗೂ ಹೆಸರು ಕೊಟ್ಟಿರುತ್ತಾರೆ.

ಈ ಎರಡು ಮೂರು ವಾರದಲ್ಲಿ ಮೊಣಕಾಲಿನ ತರಬೇತಿ ಕೊಟ್ಟರೆ ಸಾಲದು. ಅಮೆರಿಕದ ಯುವ ಫುಟ್ಬಾಲ್ ಆಟಗಾರರಿಗೆ ಮೂರು ತಿಂಗಳು ಮತ್ತು ಒಂಬತ್ತು ತಿಂಗಳು ತರಬೇತಿ ಕೊಟ್ಟು ಹೋಲಿಸಿದ 2012ರ ಅಧ್ಯಯನದಲ್ಲಿ ಎರಡೂ ಗುಂಪಿನವರ ಚಲನೆ ಸುಧಾರಿಸಿತ್ತು. ತರಬೇತಿ ನಿಲ್ಲಿಸಿ ಮೂರು ತಿಂಗಳಾದ ಮೇಲೆ ನೋಡಿದರೆ ಸುಧಾರಣೆ ಉಳಿದದ್ದು ಒಂಬತ್ತು ತಿಂಗಳಿನವರಲ್ಲಿ ಮಾತ್ರ. ಮೂರು ತಿಂಗಳದ್ದೇ ಉಳಿಯದಿದ್ದರೆ ಮೂರು ವಾರದ್ದು ಎಲ್ಲಿ ಉಳಿಯಬೇಕು?

ದೈಹಿಕ ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಒಬ್ಬರೇ ನೂರಾರು ಮಕ್ಕಳನ್ನು ನೋಡಬೇಕು, ಪಿ.ಟಿ. ಪೀರಿಯಡ್‌ಗಳನ್ನು ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೆ ಕೊಡಬೇಕು, ದೈಹಿಕ ಶಿಕ್ಷಕರೇ ಇಲ್ಲದ ಸರ್ಕಾರಿ ಶಾಲೆಗಳೂ ಎಷ್ಟೋ ಇವೆ. ಅವರ ಕೈಗೆ ಸುಮ್ನೆ ಒಂದು ಚಾರ್ಟ್ ಕೊಟ್ಟು ‘ಮಾಡಿಸಿ’ ಅಂದರೆ ಅದು ಗೋಡೆಯಲ್ಲೇ ಉಳಿಯುತ್ತದೆ. ಸ್ವೀಡನ್‌ನಲ್ಲೂ ಅಧ್ಯಯನ ಮುಗಿದು ಮೂರು ವರ್ಷದ ಮೇಲೆ ನೋಡಿದಾಗ ಹೆಚ್ಚಿನ ಕೋಚ್‌ಗಳು ತಮಗೆ ಅನುಕೂಲವಾದ ಹಾಗೆ ಬದಲಾಯಿಸಿಕೊಂಡಿದ್ದರು. ಮಂಗಳೂರಲ್ಲಿ, ಮಣಿಪಾಲದಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರ ಇಲ್ಲ. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಒಂದೊಂದು ಶಾಲೆಗೆ ಹೋಗಿ, ಮೊಣಕಾಲು ಒಳಕ್ಕೆ ಬೀಳುತ್ತಿದೆಯಾ ಎಂದು ಮಾಸ್ಟ್ರ ಪಕ್ಕದಲ್ಲಿ ನಿಂತು ನೋಡಿ ತಿದ್ದಿದರೆ ಬರುವ ವ್ಯತ್ಯಾಸವೇ ಬೇರೆ.

ಮುಂದೆ ಏನಾಗಬಹುದು

ಈಗಿನ ಹಾಗೆಯೇ ಬಿಟ್ಟರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಪಂದ್ಯಗಳು ಹೆಚ್ಚುತ್ತವೆ, ಮ್ಯಾಟ್ ಹೆಚ್ಚುತ್ತದೆ, ಎಂಆರ್‌ಐಗಳೂ ಹೆಚ್ಚುತ್ತವೆ. ಗಾಯವಾದ ಹುಡುಗ ಆಪರೇಷನ್ ಮಾಡಿಸಿಕೊಂಡು ಮರಳಿ ಬಂದಾನು, ಹುಡುಗಿಯನ್ನು ಮನೆಯವರು ಮತ್ತೆ ಕಳಿಸುವುದು ಅನುಮಾನ.

ಅರೆಮನಸ್ಸಿನಿಂದ ಶುರು ಮಾಡುವುದರಲ್ಲೂ ಅಪಾಯ ಇದೆ. ಒಂದು ವರ್ಷ ಅಲ್ಲಲ್ಲಿ ಮಾಡಿಸಿ, ಯಾರಿಗೋ ಲಿಗಮೆಂಟ್ ಹರಿದು, ‘ಇದೆಲ್ಲ ಪ್ರಯೋಜನ ಇಲ್ಲ’ ಎಂಬ ಹೆಸರು ಬಂದರೆ ಮುಂದೆ ಐದು ವರ್ಷ ಯಾರೂ ಅದರ ಹತ್ತಿರ ಹೋಗುವುದಿಲ್ಲ. ಶುರು ಮಾಡುವುದಾದರೆ ಐದನೇ, ಆರನೇ ಕ್ಲಾಸಿನಿಂದ, ತಂಡಕ್ಕೆ ಆಯ್ಕೆಯಾಗದವರನ್ನೂ ಸೇರಿಸಿ, ಜೂನ್‌ನಿಂದಲೇ. ಒಂಟಿ ಕಾಲಿನ ಸ್ಕ್ವಾಟ್‌ಗೂ ಪ್ಲಾಂಕ್‌ಗೂ ಗ್ರೌಂಡ್ ಬೇಕಿಲ್ಲ, ಮಳೆ ಬರುತ್ತಿರುವಾಗ ಜಗಲಿಯಲ್ಲೇ ಮಾಡಿಸಬಹುದು.

ಜೊತೆಗೆ ಲೆಕ್ಕ ಇಡಬೇಕು. ಯಾವ ದಿನ ಯಾರು ಮಾಡಿದರು, ಯಾರಿಗೆ ಯಾವ ಗಾಯ ಆಯಿತು, ಡಿಕ್ಕಿಯಿಂದ ಆದದ್ದಾ ಸುಮ್ಮನೆ ಇಳಿಯುವಾಗ ಆದದ್ದಾ, ಇಷ್ಟು ಬರೆಯಲು ಒಂದು ನೋಟ್‌ಬುಕ್ ಸಾಕು. ಒಂದು ಶಾಲೆಯ ನೋಟ್‌ಬುಕ್‌ನಿಂದ ಏನೂ ತಿಳಿಯುವುದಿಲ್ಲ, ಸ್ವೀಡನ್‌ನವರಿಗೇ ನಾಲ್ಕೂವರೆ ಸಾವಿರ ಮಂದಿ ಬೇಕಾದರು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಶಾಲೆಗಳದ್ದನ್ನು ಮೂರು ನಾಲ್ಕು ವರ್ಷ ಒಟ್ಟು ಸೇರಿಸಿದರೆ, ಕಬಡ್ಡಿಯಲ್ಲಿ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಯುರೋಪಿನ ಫುಟ್ಬಾಲ್ ಅಂಕಿಗಳನ್ನು ನೆಚ್ಚದೆ ಇಲ್ಲಿನ ಮಕ್ಕಳ ಲೆಕ್ಕದಿಂದಲೇ ಉತ್ತರ ಹೇಳಬಹುದು.